ಹಿಂದಿನ ಸೀಟಿನ ಹದ

ಗಿರಿಮಲ್ಲಪ್ಪ ಕಾಕಾ ನಟ್ಟು ಬಿಚ್ಚುವ ಪಾನಾಗಳನ್ನು ಕಿವಿಯಿಂದ ಆರಿಸುತ್ತಿದ್ದರು. ಅಂಗಡಿಯವನು ಮುಂದಿಟ್ಟ ಪಾನಾದ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು ಇಳಿಬಿಟ್ಟು, ಇನ್ನೊಂದು ಕೈಯ ಉಂಗುರದಿಂದ ಅದಕ್ಕೆ ಮೆಲ್ಲಗೆ ಬಡಿದು, ಕಣ್ಣು ಮುಚ್ಚಿ ಕೇಳುವರು. ನಾದ ಸ್ವಲ್ಪ ಹೊತ್ತು ಎಳೆದರೆ ತಲೆಯಾಡಿಸುವರು. ಟಕ್ಕೆಂದು ನಿಂತುಹೋದರೆ, “ಇದರಾಗ ಜೀವ ಇಲ್ಲ, ಒಳಗ ಇಡು” ಎಂದು ಪಕ್ಕಕ್ಕೆ ಸರಿಸುವರು. ಹಿಂದೆ ನಿಂತ ಗಿರಾಕಿಗಳಲ್ಲಿ ಕೆಲವರು, ಈ ಹಿರಿಯರು ಭಜನಾ ಮಂಡಳಿಗೆ ತಾಳ ಕೊಳ್ಳಲು ಹೊರಟು ದಾರಿ ತಪ್ಪಿ ಹಾರ್ಡ್‌ವೇರ್ ಅಂಗಡಿಗೆ ಬಂದಿದ್ದಾರೆಂದು ತಿಳಿದದ್ದೂ ಉಂಟು.

ಅವರು ಕೊಳ್ಳುತ್ತಿದ್ದದ್ದು ತಮ್ಮ ಹಳೆಯ ಮೋಟರ್‌ಸೈಕಲ್ಲಿನ ಕುಲುಕಾಟ ತಡೆಯುವ ಶಾಕಪ್ಪುಗಳನ್ನು ತಾವೇ ಬಿಚ್ಚಿ, ಹೊಸವನ್ನು ತಾವೇ ಕೂಡಿಸಿ, ಗಾಡಿಯನ್ನು ಮೆತ್ತಗೆ ಮಾಡುವುದಕ್ಕೆ ಬೇಕಾದ ಸಾಮಾನು. ಸಾಧಾರಣ ಮೆಕ್ಯಾನಿಕ್ಕನಿಗೆ ಅದು ಒಂದು ಮುಂಜಾನೆಯ ಕೆಲಸ. ಕಾಕಾ ಸಾಮಾನು ಆರಿಸುವುದರಲ್ಲೇ ವರ್ಷಗಟ್ಟಲೆ ಕಳೆದರು. ನಮ್ಮ ಓಣಿಯಲ್ಲಿ ಎಷ್ಟೋ ಮನೆಗಳ ಪಾಯ ತೋಡಿ, ಗೋಡೆ ಎದ್ದು, ಸ್ಲ್ಯಾಬು ಬಿದ್ದು, ವಾಸ್ತುಶಾಂತಿಯ ಊಟವೂ ಆಯಿತು. ಕಾಕಾ ಇನ್ನೂ ಪಾನಾ ಆರಿಸುತ್ತಿದ್ದರು.

ಈಗ ಕಾಕಾ ಇಲ್ಲ. ಅವರ ಮಾತು ಬಂದರೆ ಓಣಿಯವರು ಮೊದಲು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ನಾನೂ ಅದೇ ಕ್ರಮದಲ್ಲಿ ಹೇಳುತ್ತೇನೆ.

ಬೈರಿದೇವರಕೊಪ್ಪದಲ್ಲಿ ನಮ್ಮ ಮನೆ ಅವರ ಮನೆಯ ಎದುರಿಗೆ. ನಾನು ಹುಬ್ಬಳ್ಳಿ ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್ಸು ನಡೆಸುತ್ತೇನೆ. ಕಾಕಾ ಅಮರಗೋಳದ ಮಾರುಕಟ್ಟೆಯಲ್ಲಿ ಕಾಳಿನ ದಲಾಲರು. ಬಿಳಿ ಅಂಗಿ, ಬಿಳಿ ಪಾಯಜಾಮ, ಹಣೆಯ ತುಂಬ ವಿಭೂತಿ, ಎಡಗೈಯಲ್ಲಿ ಸದಾ ನಾಲ್ಕಾರು ಕಡಲೆಕಾಳು. ಮಾತಾಡುತ್ತ ಅವನ್ನು ಬೆರಳಲ್ಲಿ ಉರುಳಿಸುತ್ತಲೇ ಇರುವರು. ಕಾಳಿನ ಚೀಲವನ್ನು ಮುಟ್ಟದೆ, ದೂರದಿಂದ ನೋಡಿಯೇ ತೂಕ ಹೇಳಬಲ್ಲೆ ಎಂಬುದು ಅವರ ದೊಡ್ಡ ಹೆಮ್ಮೆ. ಹೇಳಿದ್ದು ಹೆಚ್ಚಾಗಿ ಸರಿಯೂ ಇರುತ್ತಿತ್ತು. ಸರಿಯಿಲ್ಲದಾಗ ತಕ್ಕಡಿಯ ದೋಷ.

ಅವರ ಹೆಂಡತಿ ಶಿವಲೀಲಾ ಕಾಕು ಧಾರವಾಡದ ಸಪ್ತಾಪುರದಲ್ಲಿ ಒಂದು ಹೈಸ್ಕೂಲಿನ ಗಣಿತದ ಟೀಚರು. ಮದುವೆಯಾದಂದಿನಿಂದ ಕಾಕಾ ಪ್ರತಿದಿನ ಮುಂಜಾನೆ ಅವರನ್ನು ಗಾಡಿಯ ಹಿಂದೆ ಕೂಡಿಸಿಕೊಂಡು ಧಾರವಾಡಕ್ಕೆ ಬಿಟ್ಟು, ತಿರುಗಿ ಅಮರಗೋಳಕ್ಕೆ ಬಂದು ಅಂಗಡಿ ತೆರೆಯುತ್ತಿದ್ದರು. ಸಂಜೆ ಮತ್ತೆ ಹೋಗಿ ಕರೆತರುತ್ತಿದ್ದರು. ದಾರಿಯುದ್ದಕ್ಕೂ ಕಾಕಾ ಕತ್ತು ಹೊರಳಿಸಿ ಹಿಂದಕ್ಕೆ ಮಾರುಕಟ್ಟೆಯ ಸುದ್ದಿ ಹೇಳುವರು, ಕಾಕು “ಮುಂದ ನೋಡ್ರಿ, ಮುಂದ ನೋಡ್ರಿ” ಎನ್ನುವರು. ಅವರ ಸಂಸಾರದ ಮಾತುಕತೆಯಲ್ಲಿ ಮುಕ್ಕಾಲು ಭಾಗ ಈ ರಸ್ತೆಯ ಮೇಲೆಯೇ ನಡೆದದ್ದು. ಮನೆಯಲ್ಲಿ ಕಾಕಾ ಟಿವಿ ನೋಡುವರು, ಕಾಕು ಪೇಪರು ತಿದ್ದುವರು.

ಒಂದು ದಿನ ನವಲೂರಿನ ಹತ್ತಿರ ರಸ್ತೆ ಪಕ್ಕದಲ್ಲಿ ಪೇರಲಹಣ್ಣಿನ ಬುಟ್ಟಿಗಳು ಸಾಲಾಗಿ ಕೂತಿದ್ದವು. ಕಾಕಾಗೆ ತಡೆಯಲಾಗಲಿಲ್ಲ. “ಆ ಕಡೀ ಬುಟ್ಟಿ ಎಷ್ಟ ತೂಕ ಇರಬಹುದು ಹೇಳು ನೋಡೂಣು” ಎಂದು ಹಿಂದಕ್ಕೆ ಹೊರಳಿದರು. ಗಣಿತದ ಟೀಚರು ಉತ್ತರ ಹೇಳುವ ಮೊದಲೇ ಗಾಡಿ ತಗ್ಗಿಗೆ ಬಿತ್ತು. ಇಬ್ಬರೂ ನೆಲಕ್ಕೆ ಬೀಳಲಿಲ್ಲ, ಆದರೆ ಕಾಕುವಿನ ನಡ ಹಿಡಿದುಕೊಂಡಿತು. ಬಹಳ ದಿನ ಹಾಸಿಗೆಯಲ್ಲೇ ಇದ್ದರು. ಡಾಕ್ಟರು ನಡಕ್ಕೆ ಅಗಲವಾದ ಬೆಲ್ಟು ಕೊಟ್ಟರು. ಎದ್ದು ಶಾಲೆಗೆ ಹೊರಟ ಮೊದಲ ದಿನ, ಕಾಕಾ ಗಾಡಿ ಒರೆಸಿ ಬಾಗಿಲಿಗೆ ತಂದು ನಿಲ್ಲಿಸಿದರೆ, ಕಾಕು ಅದರ ಪಕ್ಕದಿಂದ ಹಾಯ್ದು ಬಸ್‌ಸ್ಟಾಪಿನ ಕಡೆ ನಡೆದರು.

“ಇನ್ನ ಮ್ಯಾಲೆ ನಿಮ್ಮ ಹಿಂದ ನಾ ಕುಂದ್ರಂಗಿಲ್ಲ” ಎಂದರು. ಸಿಟ್ಟಿಲ್ಲ, ಅಳುವಿಲ್ಲ. ಲೆಕ್ಕ ಬಿಡಿಸಿ ಕೆಳಗೆ ಉತ್ತರ ಬರೆದು ಗೆರೆ ಎಳೆದ ಹಾಗೆ ಹೇಳಿದರು. ಕಾಕು ಎಳೆದ ಗೆರೆಯನ್ನು ಅಳಿಸಿದ್ದನ್ನು ನಾವ್ಯಾರೂ ನೋಡಿದವರಲ್ಲ.

ಅಂದಿನಿಂದ ಕಾಕು ಬಸ್ಸಿಗೆ ಹೋಗತೊಡಗಿದರು. ಕಾಕಾ ಬಸ್‌ಸ್ಟಾಪಿನವರೆಗೆ ಗಾಡಿಯನ್ನು ಕೈಯಲ್ಲೇ ನೂಕಿಕೊಂಡು ಅವರ ಜೊತೆ ನಡೆಯುವರು. ಬಸ್ಸು ಬಂದರೆ ಕಿಟಕಿಯೊಳಗೆ ಇಣುಕಿ ಸೀಟು ಸಿಕ್ಕಿತೋ ಇಲ್ಲವೋ ನೋಡುವರು. ಸಿಗದ ದಿನ ಇಡೀ ಸಾರಿಗೆ ವ್ಯವಸ್ಥೆಯನ್ನು ಬೈಯುತ್ತ ಬಂದು ನಮ್ಮ ಕಟ್ಟೆಯ ಮೇಲೆ ಕೂತುಬಿಡುವರು. ಅಂಥ ಒಂದು ಮುಂಜಾನೆಯೇ ಅವರು ತಮ್ಮ ಸಂಕಲ್ಪ ಹೇಳಿದ್ದು.

“ಬಸೂ, ಗಾಡೀ ತಪ್ಪಲ್ಲ, ರಸ್ತೇದೂ ತಪ್ಪಲ್ಲ. ಹ್ಯಾಂಡಲ್ ಹಿಡದಾಂವ ನಾನು. ಈ ಶಾಕಪ್ ಹೋಗ್ಯಾವು. ಇವನ್ನ ತಗದು ಛಲೋವು ಹಾಕತೇನಿ. ಆಕಿ ರಿಟೈರ್ ಆಗೂ ದಿನ ಸಾಲಿಯಿಂದ ಮನಿಗಿ ಇದ ಗಾಡಿ ಮ್ಯಾಲೆ ಕರಕೊಂಡ ಬರತೇನಿ, ನೋಡಕೋತ ಇರು.”

“ಮೆಕ್ಯಾನಿಕ್ ಕಡೆ ಕೊಡ್ರಿ ಕಾಕಾರ, ಸಂಜೀಕ ಆಗಿಬಿಡತೈತಿ” ಎಂದೆ.

“ಮೆಕ್ಯಾನಿಕ್ ಮಾಡಿದ್ರ ಮೆಕ್ಯಾನಿಕ್ ಮಾಡಿದಂಗಾತು. ನಡಾ ಮುರದಾಂವ ನಾನು, ಮಾಡಬೇಕಾದಾಂವನೂ ನಾನ.”

ಮಾತು ದೊಡ್ಡದಾಗಿತ್ತು. ಆದರೆ ಅವರ ಮನೆಯಲ್ಲಿ ಆಗ ಇದ್ದ ಸಾಮಾನೆಂದರೆ ಒಂದು ಸುತ್ತಿಗೆ, ತೆಂಗಿನಕಾಯಿ ಒಡೆಯುವುದಕ್ಕೆ.

ಹೀಗೆ ಆರಿಸುವ ಪರ್ವ ಶುರುವಾಯಿತು. ಡಬ್ಬಿಯಲ್ಲಿ ಹತ್ತಾರು ಪಾನಾ ಕೂಡಿಸಿ ಮಾರುವ ಸೆಟ್ಟನ್ನು ಕಂಡರೆ ಕಾಕಾಗೆ ಆಗುತ್ತಿರಲಿಲ್ಲ. “ಸೆಟ್ಟಿನ್ಯಾಗ ಮ್ಯಾಲಿನ ನಾಕು ಕಾಳು ಛಲೋ ಇರತಾವು, ಕೆಳಗ ಎಲ್ಲಾ ಹೊಟ್ಟು. ಚೀಲದ ಬಾಯಾಗ ಛಲೋ ಮಾಲು ಇಡೂದು ನನಗ ಕಲಸ್ತಾರೇನು?” ಎನ್ನುವರು. ಒಂದೊಂದನ್ನೇ ಬೇರೆ ಬೇರೆ ಅಂಗಡಿಯಲ್ಲಿ, ಬೇರೆ ಬೇರೆ ದಿನ ಕೊಳ್ಳಬೇಕು. ಮೊಬೈಲಿನಲ್ಲಿ ಶಾಕಪ್ ಬಿಚ್ಚುವ ವಿಡಿಯೋಗಳನ್ನು ಗಂಟೆಗಟ್ಟಲೆ ನೋಡುವರು, ಆದರೆ ದನಿ ಪೂರ್ತಿ ಬಂದ್ ಮಾಡಿ. ನಾನು ಕಾರಣ ಕೇಳಿದರೆ, “ಮಾತಾಡಾಂವ ಮಾರಾಂವ ಇರತಾನ. ಕೈ ಅಷ್ಟ ನೋಡಬೇಕು. ಕೈಯಾಗ ಪಾನಾ ಜಾರತೈತೋ ಇಲ್ಲೋ, ಅಷ್ಟ ಸಾಕು” ಎಂದರು.

ಹುಬ್ಬಳ್ಳಿಯ ಒಂದು ಅಂಗಡಿಗೆ ಅವರ ಜೊತೆ ನಾನು ಹೋದದ್ದು ಚೆನ್ನಾಗಿ ನೆನಪಿದೆ. ಹಿಂದಿನ ಶಾಕಪ್ಪಿಗೆ ಸ್ಪ್ರಿಂಗಿನ ಕೆಳಗೆ ಒಂದು ಹಲ್ಲಿನ ರಿಂಗು ಇರುತ್ತದೆ. ಅದನ್ನು ತಿರುಗಿಸಿ ಬಿಗಿ ಮಾಡಿದರೆ ಗಾಡಿ ಹೆಚ್ಚು ಭಾರ ತಡೆಯುತ್ತದೆ, ಸಡಿಲ ಮಾಡಿದರೆ ಕಡಿಮೆ ಭಾರಕ್ಕೆ ಮೆತ್ತಗಾಗುತ್ತದೆ. ಅದನ್ನು ತಿರುಗಿಸಲು ಕುಡುಗೋಲಿನಂತೆ ಬಾಗಿದ ಹುಕ್ ಪಾನಾ ಬೇಕು. ಕಾಕಾ ಅಂಗಡಿಯಲ್ಲಿದ್ದ ಎಲ್ಲ ಹುಕ್ ಪಾನಾಗಳನ್ನೂ ಬಡಿದು ಕೇಳಿ, ಕೊನೆಗೆ ಒಂದನ್ನು ಎತ್ತಿಕೊಂಡರು.

ಅಂಗಡಿಯವರು ಕೈಮುಗಿದರು. “ಕಾಕಾರ, ಹೋದ ವಾರ ಇದನ್ನ ನೋಡಿ ಜೀವ ಇಲ್ಲ ಅಂದಿದ್ರಿ.”

“ಹೋದ ವಾರ ಮಳಿ ಇತ್ತು. ತಂಪಿನ್ಯಾಗ ಕಬ್ಬಿಣ ಬಾಯಿ ಬಿಡಂಗಿಲ್ಲ.”

“ಹಂಗಾರ ಇವತ್ತ ಒಯ್ತೀರಲ್ರಿ?”

“ಇವತ್ತ ಬ್ಯಾಡ. ಇವತ್ತ ಬಿಸಲು ಭಾಳ ಐತಿ. ಬಿಸಲಾಗ ಎಲ್ಲಾವೂ ಹಾಡತಾವು.”

ಅಂಗಡಿಯವರು ನನ್ನ ಕಡೆ ನೋಡಿದರು. ನಾನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ. ಆ ಹುಕ್ ಪಾನಾ ಮನೆಗೆ ಬಂದದ್ದು ಹದವಾದ ಹವೆ ಇದ್ದ ಇನ್ನೊಂದು ದಿನ. ಅಷ್ಟರಲ್ಲಿ ಅಂಗಡಿಯವರು ಕಾಕಾಗೆಂದೇ ಒಂದು ಸ್ಟೂಲು ಹಾಕಿಸಿದ್ದರು. ಬೇರೆ ಗಿರಾಕಿಗಳೂ ತಮ್ಮ ಪಾನಾ ತಂದು ಅವರ ಕಿವಿಯಿಂದ ಪಾಸು ಮಾಡಿಸಿಕೊಂಡು ಹೋಗುತ್ತಿದ್ದರು.

ಕೊಂಡು ತಂದ ಸಾಮಾನನ್ನು ಕೂಡಲೇ ಬಳಸುವಂತಿಲ್ಲ. ಮೊದಲು ಅಮಾವಾಸ್ಯೆ ಬರಬೇಕು. ಅಮಾವಾಸ್ಯೆಗೆ ಪೇಟೆಯವರೆಲ್ಲ ತಕ್ಕಡಿಗೆ, ಗಾಡಿಗೆ ಪೂಜೆ ಮಾಡಿದರೆ, ಕಾಕಾ ಜಗುಲಿಯ ಮೇಲೆ ದೇವರ ಪಕ್ಕದಲ್ಲಿ ಪಾನಾಗಳನ್ನು ಸಾಲಾಗಿಟ್ಟು ಒಂದೊಂದಕ್ಕೂ ವಿಭೂತಿ ಹಚ್ಚುವರು. ನಟ್ಟು ಬೇಕಾದಷ್ಟು ಬಿಗಿಯಾದ ಕೂಡಲೇ ಕಟಕ್ಕೆಂದು ಹೇಳುವ ಒಂದು ಉದ್ದನೆಯ ಪಾನಾ ಇರುತ್ತದಲ್ಲ, ಅದಕ್ಕೆ ಹೂವಿನ ಸರವೂ ಬೀಳುತ್ತಿತ್ತು.

“ದೇವರಿಗಿ ಕುಂದರಾಕ ಜಾಗಾ ಇಲ್ಲದಂಗಾತು” ಎಂದು ಕಾಕು ಒಮ್ಮೆ ನನ್ನೆದುರೇ ಹೇಳಿದರು. “ನಟ್ ಬಿಗಿ ಮಾಡಾಕೂ ದೇವರ ಬೇಕೇನ್ರಿ ನಿಮಗ?”

“ಬಿಗಿ ಮಾಡಾಕ ಬ್ಯಾಡ” ಎಂದರು ಕಾಕಾ. “ಬಿಚ್ಚಾಕ ಬೇಕು.”

ಅಮಾವಾಸ್ಯೆ ಮುಗಿದ ಮೇಲೂ ಸಾಮಾನು ಅವರ ಗಾಡಿಗೆ ಮುಟ್ಟುತ್ತಿರಲಿಲ್ಲ. ಮಾರುಕಟ್ಟೆಯಲ್ಲಿ ಹೊಸ ಮಾಲು ಬಂದರೆ ಕಾಕಾ ಒಂದು ಮುಷ್ಟಿ ತೆಗೆದು ಮೊದಲು ಬೇರೆಯವರಿಗೆ ಕೊಟ್ಟು ಕಡಿಸುತ್ತಿದ್ದರು. ಅವರ ಮುಖ ನೋಡಿ ಆಮೇಲೆ ತಾವು ಕಡಿಯುತ್ತಿದ್ದರು. ಪಾನಾಕ್ಕೂ ಅದೇ ಕಾಯಿದೆ. “ಮೊದಲ ಮಂದಿ ಗಾಡಿ ಮ್ಯಾಲೆ ಆಡಲಿ” ಎಂದು ತಾವಾಗಿ ಕರೆದು ಎರವಲು ಕೊಡುವರು, ಕೊಟ್ಟು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂಡುವರು. ಮೊದಲು ಬಲಿಯಾದದ್ದು ನನ್ನ ಗಾಡಿ. ಅದರ ಶಾಕಪ್ಪುಗಳಿಗೆ ಯಾವ ರೋಗವೂ ಇರಲಿಲ್ಲ. ಆದರೂ ಬಿಚ್ಚಿ, ಎಣ್ಣೆ ಬದಲಿಸಿ, ರಿಂಗು ತಿರುಗಿಸಿ ಕೂಡಿಸಿದ ಮೇಲೆ ನಿಜವಾಗಿಯೂ ಮೆತ್ತಗಾಯಿತು. ಆಮೇಲೆ ಹಾಲಿನವನದು, ಆಮೇಲೆ ಲೈನ್‌ಮನ್ನನದು, ಆಮೇಲೆ ಓಣಿಯ ಒಂದೊಂದೇ ಗಾಡಿ. ಕೆಲವೇ ವರ್ಷಗಳಲ್ಲಿ ಬೈರಿದೇವರಕೊಪ್ಪದ ನಮ್ಮ ಓಣಿಯವರೆಲ್ಲ ತಗ್ಗು ದಿಣ್ಣೆಗಳ ಮೇಲೆ ತೇಲುತ್ತ ಹೋಗತೊಡಗಿದರು. ಅದಕ್ಕೆಲ್ಲ ಸಾಮಾನು ಕೊಟ್ಟ ಯಜಮಾನರು ಮಾತ್ರ ಹಳೆಯ ಶಾಕಪ್ಪಿನ ಮೇಲೆ ದಡಬಡ ಸದ್ದು ಮಾಡುತ್ತ ಅಮರಗೋಳಕ್ಕೆ ಹೋಗುತ್ತಿದ್ದರು.

ನನಗೆ ಸಿಟ್ಟೇ ಬಂದಿತ್ತು ಒಂದು ದಿನ. ಕಾಕುವಿಗೆ ಬಸ್ಸಿನಲ್ಲಿ ನಿಂತು ಬಂದು ಕಾಲು ಊದಿದ್ದವು, ನಿವೃತ್ತಿಗೆ ಹೆಚ್ಚು ದಿನವೂ ಉಳಿದಿರಲಿಲ್ಲ. “ಕಾಕಾರ, ಸಾಮಾನು ಎಲ್ಲಾ ಬಂದು ಕುಂತಾವು. ಹೊಸಾ ಶಾಕಪ್ ಅಟ್ಟದ ಮ್ಯಾಲೆ ಧೂಳ ತಿನ್ನಾಕತ್ತಾವು. ಇನ್ನ ಯಾವಾಗ ಬಿಚ್ಚತೀರಿ?” ಎಂದೆ.

ಕಾಕಾ ಕೈಯಲ್ಲಿದ್ದ ಕಡಲೆಕಾಳನ್ನು ಉರುಳಿಸುವುದು ನಿಲ್ಲಿಸಿದರು. “ಬಿಚ್ಚತೇನಿ. ಛಲೋನೂ ಮಾಡತೇನಿ. ಎಲ್ಲಾ ಆದ ಮ್ಯಾಲೂ ಆಕಿ ಒಲ್ಲೆ ಅಂದ್ಲಂದ್ರ?”

ಅಲ್ಲಿಯವರೆಗೆ ನಾನು ಅದನ್ನು ಮುದುಕರ ಹುಚ್ಚೆಂದೇ ತಿಳಿದಿದ್ದೆ. ಅವರು ಆರಿಸುತ್ತ ಇರುವಷ್ಟು ದಿನ ಕಾಕು ಕೂಡಬಹುದೆಂಬ ಆಸೆ ಉಳಿದಿರುತ್ತಿತ್ತು. ಕೆಲಸ ಮುಗಿದರೆ ಕೇಳಲೇಬೇಕು, ಕೇಳಿದರೆ ಉತ್ತರ ಬರುತ್ತದೆ. ನನಗೆ ಅವರ ಮೇಲೆ ಅಂದು ಬಂದಷ್ಟು ಪ್ರೀತಿ ಅದಕ್ಕೆ ಮೊದಲು ಎಂದೂ ಬಂದಿರಲಿಲ್ಲ.

ಕಾಕು ನಿವೃತ್ತರಾಗುವ ಮೊದಲಿನ ಭಾನುವಾರ ಕಾಕಾ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ ಬಿಚ್ಚಿದರು. ಓಣಿಯ ಗಂಡಸರೆಲ್ಲ ಸೇರಿದರು. ಇಷ್ಟು ವರ್ಷ ಅವರ ಪಾನಾಗಳಿಂದಲೇ ಕಲಿತವರೆಲ್ಲ ಈಗ ಅವರಿಗೇ ಪಾಠ ಹೇಳತೊಡಗಿದರು. ಕಾಕಾ ಯಾರ ಮಾತೂ ಕೇಳಲಿಲ್ಲ. ಮುಂದಿನ ಫೋರ್ಕಿಗೆ ಎಣ್ಣೆ ಹಾಕುವಾಗ ಅಳತೆಯ ಪ್ಲಾಸ್ಟಿಕ್ ಕಪ್ಪನ್ನು ಬದಿಗೆ ಸರಿಸಿ, ತಮ್ಮ ಅಜ್ಜನ ಕಾಲದ ಹಿತ್ತಾಳೆಯ ಚಟಾಕಿನಲ್ಲಿ ಅಳೆದರು. ಕಾಳು ಅಳೆದು ರೂಢಿಯಾದ ಕೈ, ಚಟಾಕಿನ ಬಾಯಿಯನ್ನು ಬೆರಳಿನಿಂದ ಸವರಿ ಮಟ್ಟ ಮಾಡಲು ಹೋಗಿ ಎಣ್ಣೆಯೆಲ್ಲ ಅಂಗಿಯ ಮೇಲೆ ಸುರಿಯಿತು. ಆಮೇಲೆ ಪ್ಲಾಸ್ಟಿಕ್ ಕಪ್ಪನ್ನೇ ತೆಗೆದುಕೊಂಡರು, ಅದು ತಮ್ಮದೇ ವಿಚಾರ ಎಂಬಂತೆ.

ನಿಜವಾದ ತೊಡಕು ಹಿಂದಿನ ರಿಂಗಿನಲ್ಲಿ ಬಂತು. ಅದನ್ನು ಎಷ್ಟು ಬಿಗಿ ಮಾಡಬೇಕೆಂದು ತಿಳಿಯಬೇಕಾದರೆ ಹಿಂದೆ ಕೂಡುವವರು ಕೂತು ತೋರಿಸಬೇಕು. ಗಾಡಿ ಎಷ್ಟು ಕುಗ್ಗಿತೆಂದು ಅಳೆದು ರಿಂಗು ತಿರುಗಿಸಬೇಕು. ಕಾಕಾ ಎಣ್ಣೆಗೈ ಒರೆಸಿಕೊಂಡು ಅಡಿಗೆಮನೆಯ ಬಾಗಿಲಿಗೆ ಹೋದರು. ಕಾಕು ನೆಲದ ಮೇಲೆ ಕೂತು ಮೆಂತ್ಯಪಲ್ಲೆ ಸೋಸುತ್ತಿದ್ದರು.

“ಒಂದ ಗಳಿಗಿ ಬಂದು ಸೀಟ್ ಮ್ಯಾಲೆ ಕುಂದ್ರು. ಗಾಡಿ ಚಾಲೂ ಮಾಡಂಗಿಲ್ಲ.”

“ಚಾಲೂ ಮಾಡ್ರಿ ಬಿಡ್ರಿ, ಕುಂದ್ರಂಗಿಲ್ಲ ಅಂದೇನಿ.”

“ಹಂಗಾರ ನಿನ್ನ ತೂಕ ಎಷ್ಟ ಐತಿ ಅಂತಾರ ಹೇಳು.”

ಕಾಕು ತಲೆಯೆತ್ತಿ ನೋಡಿದರು. ಅಂಗಳದಲ್ಲಿದ್ದ ನಾವೆಲ್ಲ ಒಮ್ಮೆಲೇ ಶಾಕಪ್ಪಿನ ಕಡೆ ಬಗ್ಗಿದೆವು. ಕಾಕಾ ಬಾಗಿಲಲ್ಲೇ ನಿಂತು, ಹೆಂಡತಿಯನ್ನು ತಲೆಯಿಂದ ಕಾಲಿನವರೆಗೆ, ಮಾರುಕಟ್ಟೆಯಲ್ಲಿ ಲಾರಿಯಿಂದ ಇಳಿದ ಮಾಲನ್ನು ನೋಡುವ ಕಣ್ಣಿನಿಂದ ಒಮ್ಮೆ ನೋಡಿದರು. ನೇರವಾಗಿ ಉಗ್ರಾಣಕ್ಕೆ ಹೋಗಿ ಒಂದು ಚೀಲಕ್ಕೆ ಜೋಳ ತುಂಬಿದರು. ಎತ್ತಿ ನೋಡಿ ಸ್ವಲ್ಪ ತೆಗೆದರು. ಮತ್ತೆ ಬಾಗಿಲಿಗೆ ಬಂದು ಕಾಕುವನ್ನು ನೋಡಿ, ತಿರುಗಿ ಹೋಗಿ ಒಂದು ಮುಷ್ಟಿ ಹಾಕಿದರು. ಚೀಲವನ್ನು ಹಿಂದಿನ ಸೀಟಿನ ಮೇಲೆ ಕೂಡಿಸಿ, ನಡುವಿಗೆ ಹಗ್ಗ ಬಿಗಿದು, ತಾವು ಮುಂದೆ ಏರಿ ಕೂತು ನನಗೆ ಅಳೆಯಲು ಹೇಳಿದರು.

ಓಣಿಗೆ ಓಣಿಯೇ ಬಿದ್ದು ಬಿದ್ದು ನಕ್ಕಿತು. ಲೈನ್‌ಮನ್, “ಕಾಕಾರ, ಕಾಕು ಇದಕ್ಕಿಂತ ಹಗರ ಇದ್ದಾರಲ್ರಿ?” ಎಂದ.

“ಟಿಫಿನ್ ಡಬ್ಬಿ, ಪೇಪರಿನ ಕಟ್ಟು ಎಲ್ಲಾ ಕೂಡಿಸಿ ಹಿಡದೇನಿ, ನೀ ಸುಮ್ಮನಿರು” ಎಂದರು ಕಾಕಾ.

ಗದ್ದಲಕ್ಕೆ ಕಾಕು ಹೊರಗೆ ಬಂದರು. ತಮ್ಮ ಜಾಗದಲ್ಲಿ ಕೂತ ಜೋಳದ ಚೀಲವನ್ನು ನೋಡಿದರು. “ನಡಾ ಬಿಗಿ ಆಗೇತಿ, ಸ್ವಲ್ಪ ಸಡಲ ಕಟ್ಟ್ರಿ” ಎಂದು ಒಳಗೆ ಹೋದರು.

ನಿವೃತ್ತಿಯ ದಿನ ಕಾಕಾ ಗಾಡಿಯನ್ನು ಮೈ ತೊಳೆದ ಎತ್ತಿನಂತೆ ಮಾಡಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಸಪ್ತಾಪುರಕ್ಕೆ ಹೊರಟರು. ನಾನು ನನ್ನ ಗಾಡಿಯ ಮೇಲೆ ಹಿಂದೆ ಹೋದೆ. ಭಾಷಣ, ಶಾಲು, ಹಾರ ಎಲ್ಲ ಮುಗಿದು ಹೊರಗೆ ಬಂದರೆ, ಗೇಟಿನಲ್ಲಿ ಚೆಂಡುಹೂವಿನಿಂದ ಸಿಂಗರಿಸಿದ ಕಾರು ನಿಂತಿತ್ತು. ಟೀಚರನ್ನು ಮೆರವಣಿಗೆಯಲ್ಲಿ ಮನೆ ಮುಟ್ಟಿಸಬೇಕೆಂದು ಸಹೋದ್ಯೋಗಿಗಳು ತಾವೇ ವಂತಿಗೆ ಕೂಡಿಸಿ ತರಿಸಿದ್ದರು. ನಮ್ಮ ಕಡೆ ನಿವೃತ್ತರಾದವರನ್ನು ಒಬ್ಬರನ್ನೇ ಕಳಿಸುವ ಪದ್ಧತಿಯಿಲ್ಲ. ಇದು ಕಾಕಾಗೂ ಗೊತ್ತು, ನನಗೂ ಗೊತ್ತು. ಗೊತ್ತಿದ್ದೂ ಇಬ್ಬರಿಗೂ ನೆನಪಾಗಿರಲಿಲ್ಲ.

ಕಾಕು ಕಾರು ನೋಡಿದರು, ಕಾಕಾನನ್ನು ನೋಡಿದರು. ಅವರು ಏನಾದರೂ ಹೇಳುವ ಮೊದಲೇ ಕಾಕಾ, “ಹತ್ತು, ಹತ್ತು. ಮಂದಿ ಪ್ರೀತಿಲೇ ಮಾಡ್ಯಾರ” ಎಂದರು. ಉಡುಗೊರೆಯಾಗಿ ಬಂದಿದ್ದ ಗಾಜಿನ ಚೌಕಟ್ಟಿನ ದೊಡ್ಡ ಬಸವಣ್ಣನ ಚಿತ್ರ ಕಾರಿನಲ್ಲಿ ಹಿಡಿಯಲಿಲ್ಲ. ಅದನ್ನು ಕಾಕಾನ ಹಿಂದಿನ ಸೀಟಿಗೆ ಕಟ್ಟಿದರು. ಕಾರಿನ ಹಿಂದೆ, ಉದುರಿದ ಚೆಂಡುಹೂವಿನ ಮೇಲೆ, ಕಾಕಾ ನಡೆದುಹೋಗುವವರಿಗಿಂತ ಸ್ವಲ್ಪ ಜೋರಾಗಿ ಗಾಡಿ ಬಿಟ್ಟುಕೊಂಡು ಬಂದರು. ಮನೆಯಲ್ಲಿ ಹಗ್ಗ ಬಿಚ್ಚಿ, ಚಿತ್ರದ ಮೇಲೆ ಕೈಯಾಡಿಸಿ, ನನಗಷ್ಟೇ ಕೇಳುವಂತೆ, “ಗಾಜು ಒಡದಿಲ್ಲ ನೋಡು” ಎಂದರು.

ಆಮೇಲೆ ಕಾಕುವಿಗೆ ಧಾರವಾಡಕ್ಕೆ ಹೋಗುವ ಕೆಲಸವೇ ಉಳಿಯಲಿಲ್ಲ. ಕಾಕಾ ಕರೆಯಲಿಲ್ಲ, ಕಾಕು ಕೇಳಲಿಲ್ಲ. ಕಾಕಾ ಒಬ್ಬರೇ ಅಮರಗೋಳಕ್ಕೆ ಹೋಗಿ ಬರುವರು. ಆದರೆ ಅಷ್ಟೆಲ್ಲ ಆರಿಸಿ, ಪೂಜೆ ಮಾಡಿ ಕೂಡಿಸಿದ ಹೊಸ ಶಾಕಪ್ಪು ಹಳೆಯದಕ್ಕಿಂತ ಕೆಟ್ಟದಾಗಿ ಕುಣಿಯುತ್ತಿತ್ತು. ಸಣ್ಣ ಕಲ್ಲು ಸಿಕ್ಕರೂ ಕಾಕಾ ಸೀಟಿನಿಂದ ಮೇಲೆದ್ದು ಬೀಳುವರು. ಓಣಿಯವರು ಮತ್ತೆ ನಕ್ಕರು: ಎಲ್ಲರ ಗಾಡಿಯೂ ಮೆತ್ತಗೆ, ಗುರುಗಳದು ಮಾತ್ರ ಎತ್ತಿ ಒಗೆಯುತ್ತದೆ. “ಹಿಂದಿನ ರಿಂಗ್ ಸ್ವಲ್ಪ ಸಡಲ ಮಾಡ್ರಿ ಕಾಕಾರ, ಹುಕ್ ಪಾನಾ ಸೀಟಿನ ಕೆಳಗ ಐತೆಲ್ಲ” ಎಂದು ನಾನೂ ಹೇಳಿದೆ. “ಇರಲಿ ಬಿಡು, ರೂಢಿ ಆಗೇತಿ” ಎಂದು ಕಾಳು ಉರುಳಿಸುತ್ತ ಒಳಗೆ ಹೋದರು.

ಕಳೆದ ವರ್ಷ ಮಾರುಕಟ್ಟೆಯಲ್ಲೇ ಅವರಿಗೆ ಎದೆನೋವು ಬಂತು. ಧಾರವಾಡದ ಆಸ್ಪತ್ರೆಗೆ ಸೇರಿಸಿದೆವು. ಕೆಲವು ದಿನಗಳಲ್ಲಿ ಚೇತರಿಸಿಕೊಂಡರು. ಡಾಕ್ಟರು ಇನ್ನು ಮನೆಗೆ ಕಳಿಸುವ ಮಾತಾಡುತ್ತಿದ್ದರು. ಕಾಕು ದಿನವೂ ಬಸ್ಸಿನಲ್ಲಿ ಊಟದ ಡಬ್ಬಿ ಒಯ್ಯುವರು. ಗಾಡಿ ನಿಂತು ಕೆಡಬಾರದೆಂದು ದಿನಕ್ಕೊಂದು ಸುತ್ತು ಹೊಡೆಯುವ ಕೆಲಸ ಕಾಕಾ ನನಗೆ ಒಪ್ಪಿಸಿದ್ದರು.

ಅಂದು ಬಸ್ಸಿನವರ ಮುಷ್ಕರ. ನನ್ನ ಗಾಡಿಯನ್ನು ತಮ್ಮ ತೆಗೆದುಕೊಂಡು ಹೋಗಿದ್ದ. ಕಾಕಾನ ಗಾಡಿಯ ಮೇಲೆ ಸುತ್ತು ಹೊಡೆದು, ಬೆನ್ನೆಲುಬು ಎಣಿಸಿಕೊಳ್ಳುತ್ತ ತಿರುಗಿ ಬಂದರೆ, ಕಾಕು ಡಬ್ಬಿ ಹಿಡಿದು ಗೇಟಿನಲ್ಲಿ ನಿಂತಿದ್ದರು. ಒಂದು ಆಟೋನೂ ಅಷ್ಟು ದೂರ ಬರಲು ಒಪ್ಪಿರಲಿಲ್ಲ. ಕಾಕು ಗಾಡಿ ನೋಡಿದರು, ಡಬ್ಬಿ ನೋಡಿದರು.

“ಅವರ ಹಿಂದ ಕುಂದ್ರಂಗಿಲ್ಲ ಅಂದಿದ್ದೆ” ಎಂದರು ಕೊನೆಗೆ. “ನಿನ್ನ ಹಿಂದ ಕುಂದ್ರಾಕ ಏನ ಅಡ್ಡಿ? ಲಗೂ ನಡಿ, ರೊಟ್ಟಿ ಆರತಾವು.”

ಕಾಕು ಕೂತರು. ಗಾಡಿ ಮೆಲ್ಲಗೆ ಕುಗ್ಗಿ ನಿಂತಿತು. ನಾನು ಹಲ್ಲು ಕಚ್ಚಿಕೊಂಡು ಓಣಿಯ ಮೊದಲ ಹಂಪು ದಾಟಿದೆ. ಏನೂ ಆಗಲಿಲ್ಲ. ಈಗಷ್ಟೇ ನನ್ನನ್ನು ಎತ್ತಿ ಒಗೆದಿದ್ದ ಗಾಡಿ, ಅದೇ ಹಂಪಿನ ಮೇಲೆ ಸದ್ದಿಲ್ಲದೆ ಏರಿ ಇಳಿಯಿತು. ಮುಖ್ಯರಸ್ತೆಗೆ ಬಂದೆವು, ರಾಯಾಪುರ ದಾಟಿದೆವು. ಹಿಂದಿನಿಂದ ಕಾಕು ಕೇಳಿದರು:

“ಬಸೂ, ಈ ರಸ್ತೆ ಮತ್ತ ಹೊಸದಾಗಿ ಮಾಡ್ಯಾರೇನು?”

“ಇಲ್ರಿ ಕಾಕು. ಅದ ರಸ್ತೆ.”

ಕಾಕು ಬಗ್ಗಿ ರಸ್ತೆ ನೋಡಿದರು. ನನಗೂ ಆಗಲೇ ತಿಳಿದದ್ದು. ರಿಂಗು ಇಬ್ಬರ ಭಾರಕ್ಕೆ, ಕಾಕುವಿನ ಭಾರಕ್ಕೆ, ಬಿಗಿದು ಕೂತಿತ್ತು. ಒಬ್ಬರೇ ಹೊಡೆದರೆ ಒಗೆಯಲೇಬೇಕು. ಎರಡು ನಿಮಿಷದಲ್ಲಿ ಸಡಿಲ ಮಾಡಿಕೊಂಡು ಸುಖವಾಗಿ ಓಡಾಡಬಹುದಾಗಿದ್ದ ಮನುಷ್ಯ, ಕಾಕು ಯಾವ ದಿನ ಬಂದು ಕೂತರೂ ಸರಿಯಾಗಿರಲೆಂದು, ಇಷ್ಟು ಕಾಲ ಆ ಪೆಟ್ಟು ತಿಂದಿದ್ದರು. ಚೀಲ ಕಟ್ಟಿದಾಗ ಅಳತೆ ಹಿಡಿದವನು ನಾನೇ, ಆದರೂ ಹೊಳೆದಿರಲಿಲ್ಲ. ನನ್ನ ಹೆಗಲ ಮೇಲಿದ್ದ ಕಾಕುವಿನ ಕೈ ಸ್ವಲ್ಪ ಭಾರವಾಯಿತು. ಕನ್ನಡಿಯಲ್ಲಿ ನೋಡಿದೆ, ಅವರು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ವಾರ್ಡಿನಲ್ಲಿ ಕಾಕಾ ದಿಂಬಿಗೆ ಒರಗಿ ಕೂತಿದ್ದರು. “ಬಸ್ ಬಂದ್ ಅಂತಲ್ಲ, ಹ್ಯಾಂಗ ಬಂದ್ರಿ?” ಎಂದರು. ನಾನು ಅವರ ಗಾಡಿಯ ಕೀಲಿ ಎತ್ತಿ ತೋರಿಸಿದೆ. ಕಾಕಾ ಕೀಲಿ ನೋಡಿದರು, ಕಾಕುವನ್ನು ನೋಡಿದರು.

“ಕುಂತಿದ್ದೇನು?”

“ಮತ್ತೇನ ಹಿಂದ ಓಡಕೋತ ಬಂದೇನೇನು?” ಎಂದು ಕಾಕು ಡಬ್ಬಿ ಬಿಚ್ಚಿ ರೊಟ್ಟಿ ಮುರಿಯತೊಡಗಿದರು.

“ಹ್ಯಾಂಗಿತ್ತು?”

ಕಾಕು ಬೇಳೆಯಲ್ಲಿ ರೊಟ್ಟಿ ಕಲಸಿದರು. ಬಹಳ ಹೊತ್ತು ಕಲಸಿದರು. “ಛಲೋ ಆಗೇತಿ” ಎಂದರು. ಆಮೇಲೆ ತಲೆಯೆತ್ತಿ, “ಭಾಳ ಛಲೋ ಆಗೇತ್ರಿ. ನನಗ ಯಾಕ ಹೇಳಲಿಲ್ಲ?” ಎಂದರು.

“ಹೇಳಿದ್ರ ತಿಳಿಯೂದಲ್ಲ ಅದು, ಕುಂತ್ರ ತಿಳಿಯೂದು.” ಕಾಕಾನ ಮುಖ ಅರಳಿತ್ತು. “ಹಂಗಾರ ತೂಕ ಬರೋಬ್ಬರಿ ಹಿಡದಿದ್ದೆ ಅಂದಂಗಾತು.”

“ಆವಾಗ ಹಿಡದಿದ್ರಿ. ಈಗ ಇಳದೇನಿ, ನಿಮ್ಮ ದವಾಖಾನಿ ಅಡ್ಡ್ಯಾಡಿ.”

ಕಾಕಾ ಅವರನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದರು. ನಗು ಸ್ವಲ್ಪ ಕಡಿಮೆಯಾಯಿತು. ನನ್ನ ಕಡೆ ತಿರುಗಿ, “ಖರೇನ ಇಳದಾಳ. ಬಸೂ, ಹೋಗೂ ಮುಂದ ಹಿಂದಿನ ರಿಂಗ್ ಒಂದೀಟು ಸಡಲ ಮಾಡು. ಆಕಿ ಕುಂದರತಾಳ” ಎಂದರು.

ಮರುದಿನ ಬೆಳಗಾಗುವಷ್ಟರಲ್ಲಿ ಕಾಕಾ ಹೋಗಿಬಿಟ್ಟಿದ್ದರು. ಅವರಿಂದ ನಾನು ಕೇಳಿದ ಕೊನೆಯ ಮಾತು ಅದೇ ಆಯಿತು. ಆ ಮಧ್ಯಾಹ್ನ ಅದು ಯಾರಿಗೆ ಗೊತ್ತು? ನಾವು ಕೆಳಗೆ ಬಂದು, ಬೇವಿನ ಗಿಡದ ಕೆಳಗೆ ನಿಲ್ಲಿಸಿದ್ದ ಗಾಡಿಯ ಹತ್ತಿರ ಹೋದೆವು. ಸೀಟು ಎತ್ತಿ ಹುಕ್ ಪಾನಾ ತೆಗೆದು, ಕೂತು ಎರಡೂ ಕಡೆಯ ರಿಂಗು ಸ್ವಲ್ಪ ತಿರುಗಿಸಿದೆ. ಕಾಕು ಖಾಲಿ ಡಬ್ಬಿ ಹಿಡಿದು ನನ್ನ ಕೈಯನ್ನೇ ನೋಡುತ್ತಿದ್ದರು.

“ಅಷ್ಟ ಸಾಕೇನೋ?” ಎಂದರು. “ಮ್ಯಾಲೆ ಹೋಗಿ ಅವರನ್ನ ಒಮ್ಮೆ ಕೇಳಿ ಬರೂಣೇನು?”

“ಈಗ ಮಲಗಿರತಾರ ಬಿಡ್ರಿ ಕಾಕು” ಎಂದೆ ನಾನು. “ನಾಳೆ ಕೇಳಿದ್ರಾತು.”